‘ಹೋಗಿ ಬರುತ್ತೇನೆ’ ಎಂಬ ಮಾತಿನ ಉತ್ತರಾರ್ಧ

(ಮಕ್ಕಳು ಹೊರದೇಶದಲ್ಲಿರುವ ಕುಟುಂಬದವರು ಮತ್ತು ಊರಿಗೆ ಮರಳುವ ಯೋಚನೆಯಲ್ಲಿರುವವರು ಸೇರಿದ್ದ ದಾವಣಗೆರೆಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ಬಾಯಿ ತಪ್ಪಿ ಬರೀ ಹೋಗುತ್ತೇನೆ ಎಂದರೆ ಹಿರಿಯರು ಅಲ್ಲಿಯೇ ತಡೆದು ತಿದ್ದಿಸುತ್ತಾರೆ. 2011ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರಕ್ಕೆ ಕೆಲಸಕ್ಕೆಂದು ಹೊರಟ ದಿನ ಪಿ.ಜೆ. ಬಡಾವಣೆಯ ನಮ್ಮ ಮನೆಯ ಹೊಸ್ತಿಲ ಮೇಲೆ ನಿಂತು ನಾನೂ ಹಾಗೆಯೇ ಹೇಳಿದೆ. ಆ ಮಾತಿನ ಮೊದಲರ್ಧಕ್ಕೆ ಒಂದು ವರ್ಷದ ಸಿದ್ಧತೆ ನಡೆದಿತ್ತು: ಭಾಷೆಯ ತರಗತಿ, ವೀಸಾದ ಕಾಗದಪತ್ರ, ಉಣ್ಣೆಯ ಬಟ್ಟೆ, ಅಲ್ಲಿನ ಜನ ಹೇಗೆ ಏನು ಎಂದು ಮೊದಲೇ ಹೋದವರ ಹತ್ತಿರ ಕೇಳಿ ತಿಳಿದುಕೊಂಡದ್ದು, ಕೊನೆಗೆ ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ. ಉತ್ತರಾರ್ಧಕ್ಕೆ ಮಾತ್ರ ಯಾವ ಸಿದ್ಧತೆಯೂ ಇರಲಿಲ್ಲ. ಹನ್ನೆರಡು ವರ್ಷ ಕಳೆದು 2023ರ ಜೂನ್ ತಿಂಗಳಿನಲ್ಲಿ ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳೊಂದಿಗೆ ಅದೇ ಹೊಸ್ತಿಲಿಗೆ ಬಂದು ನಿಂತಾಗ, ಸ್ವಂತ ಮನೆಗೆ ಬರುವುದಕ್ಕೂ ತಯಾರಿ ಬೇಕೇ ಎಂದು ಯಾರಾದರೂ ಕೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಮೊದಲ ವಾರದಲ್ಲಿಯೇ ಒಂದು ಸಂಗತಿ ಗಮನಕ್ಕೆ ಬಂತು. ಗಡಿಯಾರ ಕಂಬದ ಹತ್ತಿರ, ಹಾಲಿನ ಬೂತಿನಲ್ಲಿ, ಮದುವೆ ಮನೆಯಲ್ಲಿ, ಕಂಡವರೆಲ್ಲರೂ ಕೇಳುತ್ತಿದ್ದುದು ಎರಡೇ ಪ್ರಶ್ನೆ. ‘ಯಾವಾಗ ಬಂದ್ಯಪ್ಪ?’ ಎನ್ನುವುದು ಮೊದಲನೆಯದು, ‘ವಾಪಸ್ ಯಾವಾಗ?’ ಎನ್ನುವುದು ಅದರ ಬೆನ್ನಿಗೇ ಬರುವುದು. ‘ವಾಪಸ್ ಇಲ್ಲ, ಇನ್ನು ಇಲ್ಲಿಯೇ’ ಎಂದು ನಾನು ಹೇಳಿದೊಡನೆ ಎದುರಿಗಿದ್ದವರ ಮುಖ ಒಂದು ಕ್ಷಣ ಖಾಲಿಯಾಗುತ್ತಿತ್ತು. ಆಮೇಲೆ ದನಿ ತಗ್ಗಿಸಿ, ನಿಜವಾದ ಕಳಕಳಿಯಿಂದಲೇ ಕೇಳುತ್ತಿದ್ದರು: ‘ಯಾಕೆ, ಅಲ್ಲಿ ಏನಾಯ್ತು?’ ಏನೂ ಆಗಿರಲಿಲ್ಲ. ತಂದೆಗೆ ಎಪ್ಪತ್ತೆಂಟು ವರ್ಷವಾಗಿತ್ತು, ನಮಗೆ ಬರಬೇಕೆನಿಸಿತ್ತು, ಬಂದಿದ್ದೆವು. ಆದರೆ ಬರುವುದಕ್ಕೆ ಒಂದು ಅಪಘಾತವೋ ಅವಮಾನವೋ ಕಾರಣವಾಗಿರಲೇಬೇಕು ಎಂಬ ನಂಬಿಕೆ ಊರಿನಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಮೂರನೆಯ ತಿಂಗಳಿನ ಹೊತ್ತಿಗೆ ನನಗೇ ಅನುಮಾನ ಹುಟ್ಟತೊಡಗಿತ್ತು.

ಸ್ವಂತ ಊರಿಗೆ ಮರಳಿದವರು ಹೀಗೆ ಗಲಿಬಿಲಿಗೊಳ್ಳುವ ಸ್ಥಿತಿಗೆ ‘ರಿವರ್ಸ್ ಕಲ್ಚರ್ ಶಾಕ್’ ಎಂದು ಹೆಸರಿದೆ. ಹೊಸ ದೇಶಕ್ಕೆ ಹೋದವರಿಗೆ ಆಗುವ ಗಲಿಬಿಲಿಯನ್ನು ಕುರಿತು ಕಲೆರ್ವೊ ಒಬೆರ್ಗ್ ಎಂಬ ಮಾನವಶಾಸ್ತ್ರಜ್ಞರು 1954ರಲ್ಲಿ ರಿಯೊ ಡಿ ಜನೈರೊ ನಗರದ ಮಹಿಳಾ ಕ್ಲಬ್ಬಿನಲ್ಲಿ ಮಾತನಾಡಿದ ಮೇಲೆ ‘ಕಲ್ಚರ್ ಶಾಕ್’ ಎಂಬ ಪದ ಬಳಕೆಗೆ ಬಂತು. ಅದೂ ಇಂಥದೇ ಒಂದು ಸಭೆ, ವಿದೇಶದಲ್ಲಿ ಸಂಸಾರ ಹೂಡಿದವರ ಸಭೆ. ಮರುವರ್ಷ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್‌ಗೋರ್ ಅಮೆರಿಕದಲ್ಲಿದ್ದು ಬಂದ ತಮ್ಮ ದೇಶದ ವಿದ್ವಾಂಸರ ಅನುಭವವನ್ನು ಪರಿಶೀಲಿಸಿ, ಹೋದವರ ಉತ್ಸಾಹ ಮೊದಲು ಏರಿರುತ್ತದೆ, ನಡುವೆ ಇಳಿಯುತ್ತದೆ, ಮತ್ತೆ ಏರುತ್ತದೆ ಎಂದು ಇಂಗ್ಲಿಷಿನ ‘ಯು’ ಅಕ್ಷರದ ಆಕಾರವನ್ನು ತೋರಿಸಿದರು. 1963ರಲ್ಲಿ ಗಲ್ಲಾಹಾರ್ನ್ ದಂಪತಿ, ಇದೇ ಇಳಿತ ಮನೆಗೆ ಮರಳಿದ ಮೇಲೆ ಇನ್ನೊಮ್ಮೆ ಬರುತ್ತದೆ ಎಂದು ಹೇಳಿ ಆ ‘ಯು’ವನ್ನು ‘ಡಬ್ಲ್ಯು’ ಮಾಡಿದರು. ಈ ಗೆರೆಗಳ ಮೇಲೆ ನನಗೆ ಅಷ್ಟೇನೂ ವಿಶ್ವಾಸವಿಲ್ಲ. ಅವು ಒಂದೆರಡು ವರ್ಷ ಓದಲು, ಕಲಿಸಲು ಹೋಗಿ ಬಂದವರನ್ನು ನೋಡಿ ಎಳೆದ ಗೆರೆಗಳು. ಹನ್ನೆರಡು ವರ್ಷ ಒಲೆ ಹೂಡಿ ಬದುಕಿದವರ ಮನಸ್ಸು ಅಕ್ಷರಮಾಲೆಯಂತೆ ನಡೆದುಕೊಳ್ಳುವುದಿಲ್ಲ. ಆದರೂ ಅವುಗಳಿಂದ ಒಂದು ಉಪಕಾರವಾಗಿದೆ: ಇಂಥದೊಂದು ಇದೆ, ಅದು ನಿಮ್ಮೊಬ್ಬರ ಮನೋದೌರ್ಬಲ್ಯವಲ್ಲ ಎಂದು ಹೇಳಿಕೊಳ್ಳಲು ಒಂದು ಆಧಾರ ಸಿಕ್ಕಿದೆ. ನಾನು ಇದನ್ನು ಕನ್ನಡದಲ್ಲಿ ‘ಮರಳಿದವರ ತಬ್ಬಿಬ್ಬು’ ಎಂದು ಕರೆಯುತ್ತೇನೆ. ‘ಸಾಂಸ್ಕೃತಿಕ ಆಘಾತ’ ಎಂದರೆ ಆಸ್ಪತ್ರೆಗೆ ಸೇರಿಸಬೇಕಾದ ಕಾಯಿಲೆಯಂತೆ ಕೇಳಿಸುತ್ತದೆ, ತಬ್ಬಿಬ್ಬು ಎಂದರೆ ನಮ್ಮ ಮನೆಯದೇ.

ಇದರ ಮರ್ಮವನ್ನು ಹಿಡಿದವರು ಈ ಗೆರೆ ಎಳೆದವರಿಗಿಂತ ಮುಂಚಿನವರು. ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಆಲ್ಫ್ರೆಡ್ ಶುಟ್ಸ್ ಎಂಬ ಸಮಾಜಶಾಸ್ತ್ರಜ್ಞರು 1945ರಲ್ಲಿ, ಯುದ್ಧದಿಂದ ಸೈನಿಕರು ಮನೆಗೆ ಮರಳುತ್ತಿದ್ದ ಕಾಲಕ್ಕೆ, ಮನೆಗೆ ಮರಳುವವನನ್ನು ಕುರಿತು ಒಂದು ಲೇಖನ ಬರೆದರು. ಪರದೇಶಕ್ಕೆ ಹೋಗುವವನು ತನಗೆ ಗೊತ್ತಿಲ್ಲದ ಲೋಕವೊಂದಕ್ಕೆ ಹೋಗುತ್ತಿದ್ದೇನೆಂದು ತಿಳಿದೇ ಹೋಗುತ್ತಾನೆ. ಮನೆಗೆ ಮರಳುವವನು ಮಾತ್ರ ತನಗೆಲ್ಲ ಗೊತ್ತಿದೆ ಎಂದುಕೊಂಡು ಬರುತ್ತಾನೆ ಎಂಬುದು ಅವರ ವಾದದ ಮುಖ್ಯ ಎಳೆ. ಆ ಲೇಖನ ಗ್ರೀಕ್ ವೀರ ಒಡಿಸ್ಯೂಸನಿಂದ ಆರಂಭವಾಗುತ್ತದೆ. ಇಪ್ಪತ್ತು ವರ್ಷದ ಮೇಲೆ ಅವನನ್ನು ಹಡಗಿನವರು ನಿದ್ದೆಯಲ್ಲಿರುವಾಗಲೇ ಅವನ ಊರಿನ ದಡದಲ್ಲಿ ಮಲಗಿಸಿ ಹೋಗುತ್ತಾರೆ. ಎಚ್ಚರವಾದಾಗ ಅವನಿಗೆ ತನ್ನ ನೆಲವೇ ಗುರುತು ಹತ್ತುವುದಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ರಾಮ. ಹದಿನಾಲ್ಕು ವರ್ಷ ಮುಗಿಸಿ ಬಂದ ರಾಮ ಪುಷ್ಪಕ ವಿಮಾನದಲ್ಲಿ ನೇರವಾಗಿ ಅಯೋಧ್ಯೆಗೆ ಇಳಿದ ಎಂದು ನಮ್ಮಲ್ಲಿ ಬಹಳ ಜನ ತಿಳಿದಿರುತ್ತಾರೆ. ವಾಲ್ಮೀಕಿಯ ರಾಮ ಹಾಗೆ ಮಾಡುವುದಿಲ್ಲ. ಅವನು ಭರದ್ವಾಜರ ಆಶ್ರಮದಲ್ಲಿ ತಂಗಿ, ಹನುಮಂತನನ್ನು ಮುಂದಾಗಿ ಕಳಿಸುತ್ತಾನೆ. ಕಳಿಸುವಾಗ, ನಾನು ಬರುತ್ತಿದ್ದೇನೆಂಬ ಸುದ್ದಿ ಕೇಳಿದಾಗ ಭರತನ ಮುಖದ ಬಣ್ಣ ಹೇಗಾಗುತ್ತದೆ, ನೋಟ ಹೇಗಿರುತ್ತದೆ ಎಂಬುದನ್ನು ಗಮನಿಸಿಕೊಂಡು ಬಾ ಎನ್ನುತ್ತಾನೆ. ತಮ್ಮನ ಮೇಲೆ ಅನುಮಾನವೆಂದು ಇದನ್ನು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ತಾನಿಲ್ಲದ ಹದಿನಾಲ್ಕು ವರ್ಷ ಆ ಊರೂ ಬದುಕಿದೆ, ಅಲ್ಲಿಯೂ ಒಂದು ವ್ಯವಸ್ಥೆ ಕೂತಿದೆ, ತಾನು ಅದರೊಳಕ್ಕೆ ಕಾಲಿಡುತ್ತಿದ್ದೇನೆ ಎಂಬ ಅರಿವು ಅದು. ಒಬ್ಬ ನಿದ್ದೆಯಲ್ಲಿ ಬಂದ, ಇನ್ನೊಬ್ಬ ವಿಚಾರಿಸಿ ಬಂದ. ನಾನು ಬಂದದ್ದು ಒಡಿಸ್ಯೂಸನ ಹಾಗೆ.

ನಿಮ್ಮಲ್ಲಿ ಕೆಲವರು ಹೇಳಬಹುದು, ಎರಡು ವರ್ಷಕ್ಕೊಮ್ಮೆ ರಜೆಗೆ ಬಂದು ಹೋಗುತ್ತಿದ್ದಿರಲ್ಲ, ಊರು ಗೊತ್ತಿಲ್ಲದೇ ಏನು ಎಂದು. ನನ್ನನ್ನು ಹಾದಿ ತಪ್ಪಿಸಿದ್ದೇ ಆ ರಜೆಗಳು. ರಜೆಗೆ ಬಂದವನು ನೆಂಟ. ಅವನು ಬರುವ ಮೊದಲೇ ನೀರಿನ ಟ್ಯಾಂಕು ತುಂಬಿರುತ್ತದೆ, ಗ್ಯಾಸ್ ಸಿಲಿಂಡರು ಬಂದಿರುತ್ತದೆ, ಅಣ್ಣ ತಮ್ಮಂದಿರ ಜಗಳಕ್ಕೆ ಮೂರು ವಾರದ ಮಟ್ಟಿಗೆ ವಿರಾಮ ಬಿದ್ದಿರುತ್ತದೆ. ಒಮ್ಮೆ ನಾವು ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ಬಂದಿದ್ದೆವು. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ಊರೆಲ್ಲ ನೆಂಟರೇ ಆಗಿರುವುದರಿಂದ, ಮನೆಯವರು ಯಾರು, ಹೊರಗಿನವರು ಯಾರು ಎಂಬುದೇ ಕಾಣುವುದಿಲ್ಲ. ಬೆಣ್ಣೆ ದೋಸೆ ತಿಂದು, ಸಂಜೆ ಮಂಡಕ್ಕಿ ಮಿರ್ಚಿ ತಿಂದು, ದಾವಣಗೆರೆ ಹಾಗೆಯೇ ಇದೆ ಎಂದು ಸಮಾಧಾನಪಟ್ಟು ವಿಮಾನ ಹತ್ತುತ್ತಿದ್ದೆವು. ಉಳಿಯಲು ಬಂದವನು ಆ ನೆಂಟಸ್ತಿಕೆಯನ್ನು ಕಳೆದುಕೊಳ್ಳುತ್ತಾನೆ, ಅದಕ್ಕೆ ಬದಲಾಗಿ ಮನೆಯವನ ಸ್ಥಾನ ಕೂಡಲೇ ಸಿಗುವುದೂ ಇಲ್ಲ.

ನನ್ನೊಳಗಿನ ದಾವಣಗೆರೆ 2011ರ ಸೆಪ್ಟೆಂಬರಿನಲ್ಲಿ ನಿಂತುಹೋಗಿತ್ತು. ಆಟೋದವನಿಗೆ ಟಾಕೀಸೊಂದರ ಹೆಸರು ಹೇಳಿ ಅದರ ಹಿಂದಿನ ರಸ್ತೆ ಎಂದೆ. ಇಪ್ಪತ್ತರ ಆಸುಪಾಸಿನ ಆ ಹುಡುಗ ಅಂಥ ಟಾಕೀಸಿನ ಹೆಸರನ್ನೇ ಕೇಳಿರಲಿಲ್ಲ. ಬಂದ ಮೂರನೆಯ ದಿನ ಸಂಜೆ ಮಂಡಕ್ಕಿ ಕಟ್ಟಿಸಿಕೊಂಡು ಐನೂರರ ನೋಟು ಚಾಚಿದೆ. ಅಂಗಡಿಯವರು ಚಿಲ್ಲರೆ ಇಲ್ಲವೆಂದು ಡಬ್ಬಿಗೆ ಅಂಟಿಸಿದ್ದ ಚೌಕದ ಚಿತ್ರವನ್ನು ತೋರಿಸಿದರು. ಯುಪಿಐ ಬಂದದ್ದು 2016ರಲ್ಲಿ, ನಾನು ಹೋದ ಐದು ವರ್ಷಕ್ಕೆ; ನನ್ನ ಹಳೆಯ ಮೊಬೈಲ್ ಸಂಖ್ಯೆ ಎಂದೋ ಬೇರೆಯವರ ಪಾಲಾಗಿತ್ತು, ಬ್ಯಾಂಕಿನ ಖಾತೆಗೆ ಹೊಸ ಸಂಖ್ಯೆ ಜೋಡಿಸಿರಲಿಲ್ಲ. ಜರ್ಮನಿಯಿಂದ ಬಂದ ಎಂಜಿನಿಯರ್ ಇಪ್ಪತ್ತು ರೂಪಾಯಿಯ ಮಂಡಕ್ಕಿಗೆ ದುಡ್ಡು ಕೊಡಲಾಗದೆ ನಿಂತಿದ್ದ. ‘ಇರ್ಲಿ ಬಿಡ್ರಿ ಸಾರ್, ನಾಳೆ ಕೊಡ್ರಿ’ ಎಂದು ಅವರು ಮುಂದಿನ ಗಿರಾಕಿಯ ಕಡೆ ತಿರುಗಿದರು, ಹೆಸರನ್ನೂ ಕೇಳಲಿಲ್ಲ.

ಆದರೆ ಊರು ಬದಲಾಗಿದೆ ಎಂಬುದು ಈ ತಬ್ಬಿಬ್ಬಿನ ಸಣ್ಣ ಪಾಲು, ಅದನ್ನು ಒಂದೆರಡು ತಿಂಗಳಿನಲ್ಲಿ ಕಲಿಯಬಹುದು. ದೊಡ್ಡ ಪಾಲು ಬೇರೆ ಇದೆ, ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಅದನ್ನೇ. ಪರದೇಶದಲ್ಲಿ ಪರಕೀಯನಿಗೆ ಒಂದು ರಿಯಾಯಿತಿ ಇರುತ್ತದೆ. ಸ್ಟುಟ್‌ಗಾರ್ಟಿನಲ್ಲಿ ನಾನು ಭಾನುವಾರ ಖಾಲಿ ಬಾಟಲಿಗಳನ್ನು ಗಾಜಿನ ಡಬ್ಬಕ್ಕೆ ಎಸೆಯಲು ಹೋದಾಗ, ವಾರದ ರಜೆಯ ದಿನ ಸದ್ದು ಮಾಡಬಾರದೆಂದು ಪಕ್ಕದ ಮನೆಯ ಅಜ್ಜಿ ಕರೆದು ತಿಳಿಸಿದರು. ಪಾಪ, ಇವನಿಗೆ ಗೊತ್ತಿಲ್ಲ ಎಂಬ ಭಾವ ಅವರ ಮುಖದಲ್ಲಿತ್ತು. ಸ್ವಂತ ಊರಿನಲ್ಲಿ ತಪ್ಪಿದವನಿಗೆ ಆ ‘ಪಾಪ, ಗೊತ್ತಿಲ್ಲ’ ಇಲ್ಲ. ಗೊತ್ತಿದ್ದೂ ಮಾಡುತ್ತಿದ್ದಾನೆ, ಹೊರಗೆ ಹೋಗಿ ಬಂದ ಧಿಮಾಕು ಎಂದೇ ಅರ್ಥ. ಇದಕ್ಕಿಂತ ಕಷ್ಟದ ಸಂಗತಿಯೆಂದರೆ, ಆ ರಿಯಾಯಿತಿಯನ್ನು ನಾವೂ ಊರಿಗೆ ಕೊಡುವುದಿಲ್ಲ. ಅಲ್ಲಿನ ಕಚೇರಿಯಲ್ಲಿ ಒಂದು ಕಾಗದಕ್ಕೆ ಆರು ವಾರ ಕಾಯಿಸಿದರೆ ‘ಇಲ್ಲಿಯ ಪದ್ಧತಿ’ ಎಂದು ಸುಮ್ಮನಿದ್ದೆ. ಇಲ್ಲಿ ಆರು ದಿನ ಕಾಯಿಸಿದರೆ ದೇಶದ ಭವಿಷ್ಯದ ಬಗ್ಗೆಯೇ ಭಾಷಣ ಮಾಡಿದೆ.

ಒಂದು ಬೆಳಿಗ್ಗೆ ಹಳೆಯ ಪಿ.ಬಿ. ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಜೀಬ್ರಾ ಪಟ್ಟಿಯ ಅಂಚಿನಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ನಿಂತಿದ್ದರು. ಜರ್ಮನಿಯಲ್ಲಿ ಪಾದಚಾರಿ ಪಟ್ಟಿಯ ಹತ್ತಿರ ಬಂದರೆ ವಾಹನ ನಿಲ್ಲಲೇಬೇಕು. ಹನ್ನೆರಡು ವರ್ಷದ ಅಭ್ಯಾಸಕ್ಕೆ ನನ್ನ ಕೈ ತಾನಾಗಿಯೇ ಬ್ರೇಕು ಹಿಡಿಯಿತು. ಹಿಂದಿನಿಂದ ಬಂದ ಬೈಕು ಡಿಕ್ಕಿ ಹೊಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ, ನನ್ನ ಹಿಂದಿನ ದೀಪ ಒಡೆಯಿತು. ನಾನು ಸಿಟ್ಟಿನಿಂದ ತಿರುಗಿದಾಗ ಆ ಯುವಕ ಬೈಯಲಿಲ್ಲ, ಜಗಳಕ್ಕೂ ಬರಲಿಲ್ಲ. ‘ಯಾಕ್ ನಿಂತ್ರಿ ಸಾರ್?’ ಎಂದು ಕೇಳಿದ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅವನ ಮುಂದಿನ ರಸ್ತೆ ಖಾಲಿಯಿತ್ತು, ಆ ಹೆಂಗಸು ಇನ್ನೂ ಕಾಲೆತ್ತಿರಲಿಲ್ಲ, ಅವರೂ ನಾನು ನಿಂತದ್ದನ್ನು ಕಂಡು ಗಾಬರಿಯಾಗಿ ಹಿಂದೆ ಸರಿದಿದ್ದರು. ಕಾನೂನಿನ ಪ್ರಕಾರ ನಾನು ಸರಿ. ಆ ರಸ್ತೆಯಲ್ಲಿ ಆ ಕ್ಷಣಕ್ಕೆ ಯಾರಿಗೂ ಅರ್ಥವಾಗದ ಭಾಷೆಯನ್ನಾಡಿದವನೂ ನಾನೇ. ಈಗಲೂ ನಿಲ್ಲುತ್ತೇನೆ, ಆದರೆ ಮೊದಲು ಹಿಂದಕ್ಕೆ ಕನ್ನಡಿಯಲ್ಲಿ ನೋಡಿ, ಕೈ ಹೊರಗೆ ಚಾಚಿ.

ಇನ್ನೊಂದು ಪ್ರಸಂಗದಲ್ಲಿ ನಾನು ಅಮ್ಮನ ಮರ್ಯಾದೆಯನ್ನೇ ತೆಗೆದೆ. ಸ್ಟುಟ್‌ಗಾರ್ಟಿನ ಕಡೆ ‘ಕೇರ್‌ವೊಖೆ’ ಎಂಬ ಪದ್ಧತಿಯಿದೆ. ಒಂದು ಕಟ್ಟಡದ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು ಮತ್ತು ಮುಂದಿನ ಕಾಲುದಾರಿಯನ್ನು ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆಯನ್ನು ತೂಗುಹಾಕುತ್ತಾರೆ. ಆ ಹಲಗೆ ನಮ್ಮ ಬಾಗಿಲಿಗೆ ಬಂದ ವಾರ ನಾನೇ ಪೊರಕೆ ಹಿಡಿಯುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಎದ್ದವನೇ ಮನೆಯ ಮುಂದಿನ ರಸ್ತೆಯನ್ನು ಚರಂಡಿಯವರೆಗೆ ಗುಡಿಸಿದೆ. ಎದುರು ಮನೆಯವರು ಅಮ್ಮನನ್ನು ಕರೆದು, ಸೊಸೆಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು. ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬರು, ಕೆಲಸದವಳು ಬಿಟ್ಟುಹೋದಳೇ, ಬೇರೆಯವಳನ್ನು ಹೇಳಲೇ ಎಂದರು. ಗಂಡಸು ಪೊರಕೆ ಹಿಡಿದರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಅಮ್ಮ ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ನಾನು ಶುಚಿತ್ವದ ಪಾಠ ಹೇಳಲು ಹೊರಟಿದ್ದೆ, ಆ ರಸ್ತೆಗೆ ಕೇಳಿಸಿದ್ದು ನಮ್ಮ ಸಂಸಾರದ ಗುಟ್ಟು. ಈ ವಿಷಯದಲ್ಲಿ ನಾನು ಸೋಲೊಪ್ಪಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ; ಮರಳಿದವನು ಎಲ್ಲದಕ್ಕೂ ತಲೆಬಾಗಬೇಕೆಂದು ನಾನು ಹೇಳುತ್ತಿಲ್ಲ. ಈಗಲೂ ಗುಡಿಸುತ್ತೇನೆ, ಅಮ್ಮ ರಂಗೋಲಿ ಹಾಕುವ ಮುಂಚೆ, ಬೆಳಕು ಹರಿಯುವ ಮುಂಚೆ.

ಮಾತಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಜರ್ಮನರು ಆಗದು ಎನ್ನಬೇಕಾದಲ್ಲಿ ಆಗದು ಎನ್ನುತ್ತಾರೆ, ಬರುತ್ತೇನೆ ಎಂದರೆ ಗಂಟೆ ನಿಮಿಷ ಹೇಳಿ ಬರುತ್ತಾರೆ. ನಾನು ಬಂದ ಹೊಸತರಲ್ಲಿ ಅಡುಗೆಮನೆಯ ಕಪಾಟಿನ ಕೆಲಸಕ್ಕೆ ಬಡಗಿಯೊಬ್ಬರನ್ನು ಕರೆದು ಲೆಕ್ಕ ಹೇಳಿದೆ. ಅವರು ಎಲ್ಲವನ್ನೂ ನೋಡಿ, ಅಳತೆ ತೆಗೆದುಕೊಂಡು, ತಲೆ ಕೆರೆದುಕೊಂಡು ‘ನೋಡೋಣ ಸಾರ್’ ಎಂದರು. ನಾನು ಕೆಲಸ ಒಪ್ಪಿದರೆಂದು ಮೂರು ವಾರ ಕಾದೆ, ಫೋನ್ ಮಾಡಿದೆ, ಕೊನೆಗೆ ಮಾತಿಗೆ ತಪ್ಪಿದರೆಂದು ರೇಗಿದೆ. ಅಮ್ಮ ಕೇಳಿದರು: ‘ಅವರು ಏನಂದಿದ್ರು?’ ನೋಡೋಣ ಅಂದಿದ್ದರು ಎಂದೆ. ‘ಹಂಗಂದ ಮೇಲೆ ಬೇರೆಯವರನ್ನ ಕರೀಬೇಕಿತ್ತಪ್ಪ.’ ಕನ್ನಡದಲ್ಲಿ ‘ನೋಡೋಣ’ ಎಂದರೆ ಮರ್ಯಾದೆಯ ‘ಇಲ್ಲ’ ಎಂಬುದು ನನಗೆ ಹತ್ತು ವರ್ಷದ ಹುಡುಗನಾಗಿದ್ದಾಗಲೇ ಗೊತ್ತಿತ್ತು; ಜಾತ್ರೆಯಲ್ಲಿ ಆಟಿಕೆ ಕೇಳಿದಾಗ ಅಪ್ಪ ಹೇಳುತ್ತಿದ್ದುದು ಅದನ್ನೇ. ಪದ ಮರೆತಿರಲಿಲ್ಲ, ಪದದ ಕಿವಿ ಮರೆತಿತ್ತು. ಇದೇ ಕಿವಿ ಮರೆತು, ಸಂಬಂಧಿಕರೊಬ್ಬರು ತಮ್ಮ ಹೊಸ ಮನೆಯ ನಕ್ಷೆ ತೋರಿಸಿ ಹೇಗಿದೆ ಎಂದಾಗ, ಮೆಟ್ಟಿಲು ತಪ್ಪಾದ ಕಡೆ ಇದೆ ಎಂದುಬಿಟ್ಟೆ. ಅವರ ಗೃಹಪ್ರವೇಶಕ್ಕೆ ನಮಗೆ ಕರೆ ಬಂತು, ಆದರೆ ಮನೆಗೆ ಬಂದು ಕುಂಕುಮ ಇಟ್ಟು ಕರೆಯಲಿಲ್ಲ, ವಾಟ್ಸಾಪಿನಲ್ಲಿ ಕರೆದರು. ಆ ವ್ಯತ್ಯಾಸ ಏನೆಂದು ಇಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾವು ಹೆಚ್ಚು ಎಡವಿದ್ದು ಅಲ್ಲಿಯೇ. ನಾನು ಮರಳಿದೆ, ನನ್ನ ಹೆಂಡತಿ ಮರಳಿದಳು. ಅಲ್ಲಿಯೇ ಹುಟ್ಟಿದ ಮಗಳು ಮರಳಲಿಲ್ಲ, ಅವಳು ಪರದೇಶಕ್ಕೆ ಬಂದಳು. ಮನೆಯಲ್ಲಿ ಕನ್ನಡ ಮಾತನಾಡಿಸಿದ್ದೆವು, ಆದ್ದರಿಂದ ಭಾಷೆಯ ತೊಂದರೆ ಇರದು ಎಂದು ನೆಮ್ಮದಿಯಿಂದಿದ್ದೆವು. ಆದರೆ ಅವಳಿಗೆ ಬರುತ್ತಿದ್ದುದು ಮೂರು ಜನರ ಕನ್ನಡ. ಅಮ್ಮನನ್ನು ‘ನೀನು’ ಎನ್ನುವ ಸಲಿಗೆಯಲ್ಲಿಯೇ ಎದುರು ಮನೆಯ ನಿವೃತ್ತ ಮೇಷ್ಟ್ರನ್ನು ‘ನೀನು ಯಾವಾಗ ಬಂದೆ?’ ಎಂದು ಕೇಳಿದಳು. ಜರ್ಮನ್ ಭಾಷೆಯಲ್ಲೂ ಏಕವಚನ ಬಹುವಚನದ ಭೇದವಿದೆ, ಶಾಲೆಯಲ್ಲಿ ಅದನ್ನು ಸರಿಯಾಗಿ ಬಳಸುತ್ತಿದ್ದ ಹುಡುಗಿ ಅವಳು. ಕನ್ನಡದಲ್ಲಿ ‘ನೀವು’ ಎನ್ನಬೇಕಾದ ಜನರೇ ಅವಳಿಗೆ ಸಿಕ್ಕಿರಲಿಲ್ಲ. ಶಾಲೆಯಲ್ಲಿ ಕನ್ನಡ ಓದುವುದು ಕಡ್ಡಾಯ, 2015ರ ಕಾಯ್ದೆ ಹಾಗೆ ಹೇಳುತ್ತದೆ, ಅದು ಒಳ್ಳೆಯದೇ. ಆದರೆ ಒಂಬತ್ತನೆಯ ವಯಸ್ಸಿಗೆ ಕಾಗುಣಿತಕ್ಕೆ ಕೂತ ಮಗು ತನಗಿಂತ ಮೂರು ವರ್ಷ ಚಿಕ್ಕವರ ಪುಸ್ತಕ ಹಿಡಿಯುವಾಗ ಏನನ್ನು ನುಂಗಿಕೊಳ್ಳುತ್ತದೆ ಎಂಬುದನ್ನು ನಾವು ಮೊದಲೇ ಯೋಚಿಸಿರಲಿಲ್ಲ. ಹೊರಡುವ ಒಂದು ವರ್ಷ ಮುಂಚೆ ದಿನಕ್ಕೆ ಅರ್ಧ ಗಂಟೆ ಅಕ್ಷರ ಕಲಿಸಬಹುದಿತ್ತು.

ಅದಕ್ಕಿಂತ ಹೆಚ್ಚಾಗಿ, ಅವಳ ದುಃಖಕ್ಕೆ ಇಲ್ಲಿ ಹೆಸರೇ ಇರಲಿಲ್ಲ. ಹೊರದೇಶದಲ್ಲಿ ನಾನು ಊರು ನೆನೆಸಿಕೊಂಡು ಕೂತರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಅವಳು ತನ್ನ ಊರು ನೆನೆಸಿಕೊಂಡು ಕೂತಾಗ ಬಂದವರೆಲ್ಲ ‘ಈಗ ನಿಮ್ಮೂರಿಗೇ ಬಂದಿದೀಯಲ್ಲ, ಇನ್ನೇನು?’ ಎನ್ನುತ್ತಿದ್ದರು. ಒಂದು ರಾತ್ರಿ ಅವಳು ಕೇಳಿದಳು: ‘ಅಪ್ಪಾ, ಇದು ನಿನ್ನೂರು. ನನ್ನೂರು ಯಾವಾಗ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಅವಳ ಹಳೆಯ ಗೆಳತಿಗೆ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುವ ಏರ್ಪಾಟು ಮಾಡಿದೆವು. ಮೊದಲು ಅದನ್ನು ನಾವೇ ತಡೆದಿದ್ದೆವು, ಹಳೆಯದನ್ನು ಮರೆತರೆ ಬೇಗ ಹೊಂದಿಕೊಳ್ಳುತ್ತಾಳೆ ಎಂದು. ತಪ್ಪು ಲೆಕ್ಕ ಅದು.

ಕಾಗದಪತ್ರದ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಅದಕ್ಕೆ ಲೆಕ್ಕಪರಿಶೋಧಕರಿದ್ದಾರೆ. ನೆಲೆಸಲೆಂದು ಮರಳಿದ ಮೇಲೆ ಎನ್‌ಆರ್‌ಇ ಖಾತೆಯನ್ನು, ಅಂದರೆ ಅನಿವಾಸಿ ಭಾರತೀಯರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆಯನ್ನು, ಹಾಗೆಯೇ ನಡೆಸಿಕೊಂಡು ಹೋಗುವಂತಿಲ್ಲ, ನಿವಾಸಿ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಇಲ್ಲಿದ್ದ ದಿನಗಳು 729 ಮೀರದವರಿಗೆ, ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ನಡುವಿನ ಸ್ಥಾನ ತೆರಿಗೆಯಲ್ಲಿ ಸಿಗುತ್ತದೆ. ಮರಳಿದವರ ಮನಃಸ್ಥಿತಿಯನ್ನು ಇಷ್ಟು ಚೆನ್ನಾಗಿ ಹೇಳಿದ ಇನ್ನೊಂದು ಮಾತನ್ನು ನಾನು ಕೇಳಿಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವವರು ಆಧಾರ್‌ಗಾಗಿ 182 ದಿನ ಕಾಯಬೇಕಿಲ್ಲವೆಂದು 2019ರಲ್ಲಿಯೇ ಆಗಿದೆ. ಅಲ್ಲಿಯ ಪೌರತ್ವ ತೆಗೆದುಕೊಂಡವರು ನೆನಪಿಡಬೇಕಾದದ್ದು, ನಮ್ಮಲ್ಲಿ ಇಮ್ಮಡಿ ಪೌರತ್ವವಿಲ್ಲ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡಿನವರಿಗೆ ಮತದಾನವಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ಭದ್ರಾ ನಾಲೆಯ ಕೆಳಗೆ ನಾಲ್ಕು ಎಕರೆ ಅಡಿಕೆ ತೋಟ ಕೊಂಡು ನೆಲೆಸುವ ಕನಸಿದ್ದವರು ಇದನ್ನು ಬಂದ ಮೇಲೆ ತಿಳಿದುಕೊಂಡರೆ ಕಷ್ಟ.

ಹಾಗಾದರೆ ಹನುಮಂತನನ್ನು ಮುಂದೆ ಕಳಿಸುವುದು ಹೇಗೆ? ನನಗೆ ತೋಚಿದ್ದು ಒಂದೇ ದಾರಿ. ಪೂರ್ತಿ ಬರುವ ಮೊದಲು ಒಮ್ಮೆ ಎರಡು ತಿಂಗಳಾದರೂ ಬಂದು, ಜಾತ್ರೆ ಮದುವೆಗಳ ಕಾಲದಲ್ಲಲ್ಲ, ಏಪ್ರಿಲ್ ಬಿಸಿಲಿನಲ್ಲಿ ಬಂದು, ನೆಂಟನಾಗದೆ ಇದ್ದು ನೋಡಬೇಕು. ಕರೆಂಟು ಬಿಲ್ಲು ನೀವೇ ಕಟ್ಟಿ, ನೀರು ಬಿಡುವ ಹೊತ್ತಿಗೆ ನೀವೇ ಎದ್ದು, ಖಾತೆ ಬದಲಾವಣೆಗೋ ಇನ್ನಾವುದಕ್ಕೋ ಕಚೇರಿಯ ಬೆಂಚಿನ ಮೇಲೆ ನೀವೇ ಕೂರಬೇಕು. ಮುಖ್ಯವಾಗಿ, ‘ವಾಪಸ್ ಯಾವಾಗ?’ ಎಂದಾಗ ‘ಬಂದುಬಿಡೋಣ ಅಂತಿದ್ದೇನೆ’ ಎಂದು ಹೇಳಿ, ಹತ್ತಿರದವರ ಮುಖವನ್ನು ನೋಡಬೇಕು. ಅಣ್ಣನ ಮುಖ, ಅತ್ತಿಗೆಯ ಮುಖ, ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವವರ ಮುಖ. ಹನ್ನೆರಡು ವರ್ಷ ಅಪ್ಪ ಅಮ್ಮನನ್ನು ನೋಡಿಕೊಂಡವರು ಅವರು. ಔಷಧಿಯ ಡಬ್ಬಿ ಎಲ್ಲಿರಬೇಕು, ಯಾವ ಡಾಕ್ಟರ ಹತ್ತಿರ ಹೋಗಬೇಕು ಎಂದು ನಾನು ಬಂದ ಎರಡನೆಯ ದಿನವೇ ಅಪ್ಪಣೆ ಕೊಡತೊಡಗಿದಾಗ ಅಣ್ಣ ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋದ. ಆ ಮುಖವನ್ನು ನಾನು ಮೊದಲೇ ನೋಡಿರಬೇಕಿತ್ತು.

ಉಪನ್ಯಾಸದ ನಂತರ ನಡೆದ ಪ್ರಶ್ನೋತ್ತರದಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ತಾಯಿಯೊಬ್ಬರು ಎದ್ದು ನಿಂತು, ತಮ್ಮ ಮಗ ನವೆಂಬರಿನಲ್ಲಿ ಸಂಸಾರ ಸಮೇತ ಬಂದುಬಿಡುತ್ತಿದ್ದಾನೆ, ತಾವು ಏನು ತಯಾರಿ ಮಾಡಿಕೊಳ್ಳಬೇಕು ಎಂದು ಕೇಳಿದರು. ಮೊದಲ ವಾರ ಹೋಳಿಗೆ ಮಾಡಬೇಡಿ, ನೆಂಟನಂತೆ ನೋಡಿಕೊಂಡರೆ ಅವನು ನೆಂಟನಾಗಿಯೇ ಉಳಿಯುತ್ತಾನೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಮಾಡದೆ ಇರೋಕೆ ಆಗಲ್ಲಪ್ಪ’ ಎಂದರು. ಹಾಗಾದರೆ ಮಾಡಿ, ಆದರೆ ಬೇಳೆ ಬೆಲ್ಲ ತರಲು ಅವನನ್ನೇ ಅಂಗಡಿಗೆ ಕಳಿಸಿ ಎಂದು ಹೇಳಿದೆ. ‘ಯಾವ ಅಂಗಡಿ ಅಂತ ಅವನಿಗೆ ಗೊತ್ತಿಲ್ಲವಲ್ಲ’ ಎಂದವರು, ಅಷ್ಟರಲ್ಲಿ ತಾವೇ ನಕ್ಕು ಕೂತರು.